ತಜ್ಞರ ಉತ್ತರ: ಸ್ವಂತ ಹೊಲಿಗೆ ಅಂಗಡಿ, ವಾರಕ್ಕೆ 75 ಗಂಟೆಯ ದುಡಿಮೆ

ಪ್ರಶ್ನೆ: ನಾನು ಅರಸೀಕೆರೆಯಲ್ಲಿ ಆರು ವರ್ಷಗಳಿಂದ ಸ್ವಂತ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ವಯಸ್ಸು 38. ರವಿಕೆಗಳನ್ನೆಲ್ಲ ನಾನೇ ಕತ್ತರಿಸಿ ಹೊಲಿಯುತ್ತೇನೆ. ಫಾಲ್‌, ಜಿಗ್‌ಜಾಗ್‌, ಲಂಗ, ಆಲ್ಟರೇಷನ್‌ ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ವಾರಕ್ಕೆ ಸುಮಾರು 25 ಲೈನಿಂಗ್‌ ರವಿಕೆ ಒಪ್ಪಿಕೊಳ್ಳುತ್ತೇನೆ, ಒಂದಕ್ಕೆ 450 ರೂಪಾಯಿ. ಬೆಳಿಗ್ಗೆ ಐದೂವರೆಗೆ ಎದ್ದರೆ ಮನೆಯ ಮಿಷನ್‌ ಬಿಟ್ಟು ಏಳುವಾಗ ರಾತ್ರಿ ಹನ್ನೊಂದೂವರೆ. ಹೋದ ತಿಂಗಳು ರಾತ್ರಿ ಕಟಿಂಗ್‌ ಮಾಡುವಾಗ ಒಬ್ಬರ ರೇಷ್ಮೆ ರವಿಕೆ ತುಂಡು ಹಾಳಾಗಿ 1,800 ರೂಪಾಯಿ ಕಟ್ಟಿಕೊಟ್ಟೆ. ಈಗ ಗಿರಾಕಿಗಳ ಫೋನ್‌ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಇಷ್ಟಪಟ್ಟು ಕಲಿತ ಕೆಲಸ ಕಂಡರಾಗದಂತಾಗಿದೆ. ಬೇಡವೆಂದರೆ ಎದುರಿನ ಅಂಗಡಿಗೆ ಹೋಗುತ್ತಾರೆ, ಸಂಘದ ಸಾಲಕ್ಕೆ ವಾರವಾರ ಕಂತು ಕಟ್ಟಬೇಕು. ಕಾಯಕವೇ ಕೈಲಾಸ, ದುಡಿಮೆಗೆ ಬೇಸರಪಡಬಾರದು ಎನ್ನುತ್ತಾರೆ ನಮ್ಮ ಮಾವನವರು. ನಾನು ಸೋಮಾರಿಯಾಗುತ್ತಿದ್ದೇನೆಯೇ?

ಉತ್ತರ: ಇಲ್ಲ. ಸೋಮಾರಿಗಳು ರಾತ್ರಿ ಹನ್ನೊಂದಕ್ಕೆ ಇನ್ನೊಬ್ಬರ ರೇಷ್ಮೆ ಬಟ್ಟೆಯ ಮೇಲೆ ಕತ್ತರಿ ಇಡುವುದಿಲ್ಲ. ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಕಾಣುತ್ತವೆ: ನಿದ್ದೆ ಮಾಡಿದರೂ ಆರದ ದಣಿವು, ಇಷ್ಟದ ಕೆಲಸದ ಮೇಲೆಯೇ ಹುಟ್ಟಿರುವ ಜಿಗುಪ್ಸೆ, ಮತ್ತು ಪಳಗಿದ ಕೈಯೂ ತಪ್ಪತೊಡಗಿರುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ‘ಬರ್ನ್‌ಔಟ್‌’ ಎಂಬುದನ್ನು ಇದೇ ಮೂರು ಲಕ್ಷಣಗಳಿಂದ ಗುರುತಿಸಲಾಗಿದೆ. ಅಲ್ಲಿ ಅದನ್ನು ಕಾಯಿಲೆಯೆಂದು ಕರೆದಿಲ್ಲ. ಬಹುಕಾಲ ಹಿಡಿತಕ್ಕೆ ಬಾರದೆ ಉಳಿದ ಕೆಲಸದ ಒತ್ತಡದಿಂದ ಉಂಟಾಗುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದಷ್ಟೇ ಹೇಳಿದೆ. ಈ ವ್ಯತ್ಯಾಸ ನಿಮಗೆ ಮುಖ್ಯ, ಏಕೆಂದರೆ ಕೆಲಸದ ಏರ್ಪಾಡಿನಲ್ಲಿ ಹುಟ್ಟಿದ ತೊಂದರೆಯನ್ನು ಬರಿಯ ಮಾತ್ರೆಯಿಂದಲೋ, ಬೆಳಗಿನ ಹತ್ತು ನಿಮಿಷದ ಪ್ರಾಣಾಯಾಮದಿಂದಲೋ ಸರಿಪಡಿಸಲಾಗದು. ಪ್ರಾಣಾಯಾಮ ಒಳ್ಳೆಯದೇ, ಆದರೆ ಅದು ವಾರಕ್ಕೆ 25 ರವಿಕೆ ಹೊಲಿದುಕೊಡುವುದಿಲ್ಲ.

ಈ ಪದವನ್ನು 1974ರಲ್ಲಿ ಮನೋವೈಜ್ಞಾನಿಕ ಚರ್ಚೆಗೆ ತಂದ ಹರ್ಬರ್ಟ್‌ ಫ್ರಾಯ್ಡನ್‌ಬರ್ಗರ್‌ ಕೂಡ ಒಂದರ್ಥದಲ್ಲಿ ನಿಮ್ಮಂತೆಯೇ ಇದ್ದವರು. ಹಗಲೆಲ್ಲ ಸ್ವಂತ ವೃತ್ತಿ ನಡೆಸಿ, ರಾತ್ರಿ ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಅವರು, ಅಲ್ಲಿನ ಸ್ವಯಂಸೇವಕರಲ್ಲಿಯೂ ತಮ್ಮಲ್ಲಿಯೂ ಕಂಡ ಬಳಲಿಕೆಯನ್ನು ಈ ಹೆಸರಿನಿಂದ ಕರೆದರು. ಆ ಸ್ವಯಂಸೇವಕರಾರೂ ಕೆಲಸಗಳ್ಳರಾಗಿರಲಿಲ್ಲ, ಯಾರೂ ಬಲವಂತ ಮಾಡದಿದ್ದರೂ ಮೈಮೇಲೆ ಹಾಕಿಕೊಂಡು ದುಡಿದವರು. ಯಜಮಾನನಿಲ್ಲದ ದುಡಿಮೆಯ ಅಪಾಯ ಇಲ್ಲೇ ಇದೆ. ಹೆಚ್ಚಾಯಿತೆಂದು ಯಜಮಾನನನ್ನು ಬೈಯಬಹುದು. ನಾವೇ ಯಜಮಾನರಾದಾಗ ಬೈಗುಳವೆಲ್ಲ ನಮ್ಮ ಮೇಲೆಯೇ ಬೀಳುತ್ತದೆ, ಆಗ ದಣಿವು ಸೋಮಾರಿತನದಂತೆ ಕಾಣತೊಡಗುತ್ತದೆ.

ಮುಂದಿನ ಮಾತಿಗೆ ಮೊದಲು ವೈದ್ಯನಾಗಿ ಹೇಳಲೇಬೇಕಾದ ಒಂದೆರಡು ಮಾತುಗಳಿವೆ. ಎಲ್ಲ ದಣಿವೂ ಕೆಲಸದಿಂದಲೇ ಬರುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆಯಿದೆ, ಅಂದರೆ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ. ಹಿಮೋಗ್ಲೋಬಿನ್‌, ಥೈರಾಯಿಡ್‌, ಸಕ್ಕರೆ, ಬಿ12, ರಕ್ತದೊತ್ತಡ ಇಷ್ಟನ್ನೂ ಈ ವಾರವೇ ಪರೀಕ್ಷಿಸಿಕೊಳ್ಳಿ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಹೋದರೆ ಅರ್ಧ ಗಂಟೆಯ ಕೆಲಸ. ಎದೆ ಹೊಡೆದುಕೊಳ್ಳುವುದನ್ನು ವೈದ್ಯರಿಗೆ ಮರೆಯದೆ ಹೇಳಿ, ರಕ್ತಹೀನತೆಯಿಂದಲೂ ಥೈರಾಯಿಡ್‌ ಏರುಪೇರಿನಿಂದಲೂ ಅದು ಆಗಬಹುದು. ಎರಡನೆಯದಾಗಿ, ನಿಮ್ಮ ಬೇಸರ ಅಂಗಡಿಗೆ ಮಾತ್ರ ಸೀಮಿತವಾಗಿದೆಯೇ ಎಂಬುದನ್ನು ಗಮನಿಸಿ. ತವರಿನ ಹಬ್ಬ, ಮಕ್ಕಳ ಆಟ, ಮೊದಲು ಹಿಡಿಸುತ್ತಿದ್ದ ಊಟ ಯಾವುದೂ ಮನಸ್ಸಿಗೆ ತಟ್ಟದೆ, ನಸುಕಿನಲ್ಲೇ ಎಚ್ಚರವಾಗಿ ತಾನು ಯಾತಕ್ಕೂ ಬಾರದವಳು ಎನ್ನಿಸುತ್ತಿದ್ದರೆ, ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ, ಅದು ಬರ್ನ್‌ಔಟ್‌ ಅಲ್ಲ, ಖಿನ್ನತೆ ಇರಬಹುದು; ಅದಕ್ಕೆ ಚಿಕಿತ್ಸೆಯಿದೆ ಮತ್ತು ಅದು ಕಾಯಬಾರದು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳು ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಈಗ ಆ ಹಾಳಾದ ರೇಷ್ಮೆ ತುಂಡಿನ ವಿಚಾರಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಅದೇ. ಡ್ರೂ ಡಾಸನ್‌ ಮತ್ತು ಕ್ಯಾಥರಿನ್‌ ರೀಡ್‌ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಸತತವಾಗಿ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಇಟ್ಟಿರುವ ಮಿತಿ 0.03. ಐದೂವರೆಗೆ ಎದ್ದವರಿಗೆ 17 ಗಂಟೆ ತುಂಬುವುದು ರಾತ್ರಿ ಹತ್ತೂವರೆಗೆ. ಆ ಹೊತ್ತಿನಲ್ಲಿ ಗಾಡಿ ಓಡಿಸಬಾರದಷ್ಟು ಮಬ್ಬಾಗಿದ್ದ ಕೈಗೆ ನೀವು ಕತ್ತರಿ ಕೊಟ್ಟಿದ್ದಿರಿ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು. ಆದ್ದರಿಂದ ಮೊದಲ ನಿಯಮ ಇದಾಗಲಿ: ಕಟಿಂಗ್‌ ಎಲ್ಲವೂ ಬೆಳಿಗ್ಗೆ, ಅಂಗಡಿಗೆ ಜನ ಬರುವ ಮುಂಚಿನ ಒಂದೆರಡು ಗಂಟೆಯಲ್ಲಿ ಮುಗಿಯಬೇಕು, ಸಂಜೆ ಆರರ ನಂತರ ಕತ್ತರಿ ಮುಟ್ಟಬಾರದು. ನಡುಹಗಲು ಮಿಷನ್‌ ಕೆಲಸಕ್ಕಿರಲಿ. ಹುಕ್ಕು, ಹೆಮ್ಮಿಂಗ್‌, ಇಸ್ತ್ರಿ ಇವು ಅರೆದಣಿದ ಕೈಯಿಂದಲೂ ಆಗುವಂಥವು, ಅವು ದಿನದ ಕೊನೆಗೆ ಬರಲಿ.

ಆದರೆ ದಿನವನ್ನು ಹೀಗೆ ಜೋಡಿಸಿಕೊಳ್ಳುವುದರಿಂದ ತಪ್ಪುಗಳು ಕಡಿಮೆಯಾದಾವೇ ಹೊರತು ಗಂಟೆಗಳು ಕಡಿಮೆಯಾಗುವುದಿಲ್ಲ. ಗಂಟೆಗಳು ಎಲ್ಲಿಂದ ಬರುತ್ತಿವೆ ಎಂಬುದನ್ನು ನೋಡಬೇಕು. ಸಮಯ ನಿರ್ವಹಣೆಯ ಬಗ್ಗೆ ಎಲ್ಲೆಡೆ ಉಪದೇಶ ಸಿಗುತ್ತದೆ. ನಿಮ್ಮ ಮಟ್ಟಿಗೆ ನನಗೆ ಅದರಲ್ಲಿ ಹೆಚ್ಚು ನಂಬಿಕೆಯಿಲ್ಲ. ನೀವು ಸಮಯವನ್ನು ಪೋಲು ಮಾಡುತ್ತಿಲ್ಲ. ನೀವು ರಾತ್ರಿ ಹನ್ನೊಂದೂವರೆಯವರೆಗೆ ಕೂರುವುದು ಆ ರಾತ್ರಿ ಮಾಡಿದ ತೀರ್ಮಾನವಲ್ಲ. ಹತ್ತು ದಿನದ ಹಿಂದೆ ಮಧ್ಯಾಹ್ನ, ಬಟ್ಟೆಯ ಚೀಲ ಹಿಡಿದು ನಿಂತವರ ಮುಖ ನೋಡಿ “ಆಯ್ತು, ಶುಕ್ರವಾರ ಕೊಡ್ತೀನಿ” ಎಂದಿರಲ್ಲ, ಆಗಲೇ ಅದು ತೀರ್ಮಾನವಾಗಿ ಹೋಗಿತ್ತು. ಸ್ವಂತ ಉದ್ಯೋಗದವರ ಗಡಿಯಾರ ಗೋಡೆಯ ಮೇಲಿರುವುದಿಲ್ಲ, ಬಿಲ್‌ ಪುಸ್ತಕದಲ್ಲಿರುತ್ತದೆ. ಹಾಗಾಗಿ ಹಿಡಿತ ತರಬೇಕಾದದ್ದು ಹೊಲಿಯುವ ಹೊತ್ತಿನ ಮೇಲಲ್ಲ, ಒಪ್ಪಿಕೊಳ್ಳುವ ಹೊತ್ತಿನ ಮೇಲೆ.

ಲೆಕ್ಕ ಹಾಕಿ ನೋಡೋಣ. ಒಂದು ಲೈನಿಂಗ್‌ ರವಿಕೆಗೆ ಕಟಿಂಗಿನಿಂದ ಹುಕ್ಕಿನವರೆಗೆ ಎರಡೂವರೆ ಗಂಟೆ ಎಂದಿಟ್ಟುಕೊಳ್ಳಿ; ನಿಮ್ಮ ಕೈ ಇನ್ನೂ ಚುರುಕಾಗಿದ್ದರೆ ಎರಡು ವಾರ ಗಡಿಯಾರ ನೋಡಿ ಬರೆದಿಟ್ಟು ಈ ಅಂಕಿಯನ್ನು ತಿದ್ದಿಕೊಳ್ಳಿ. 25 ರವಿಕೆಗೆ ಅರವತ್ತೆರಡೂವರೆ ಗಂಟೆಯಾಯಿತು. ಅಳತೆ ತೆಗೆಯುವುದು, ಟ್ರಯಲ್‌, ಬಣ್ಣಕ್ಕೆ ತಕ್ಕ ಲೈನಿಂಗ್‌ ಮತ್ತು ನೂಲು ಹುಡುಕಿ ತರುವುದು, ಕತ್ತಿನ ವಿನ್ಯಾಸದ ಫೋಟೊಗಳನ್ನು ಗಿರಾಕಿಯ ಜೊತೆ ನೋಡುವುದು, ಹಣದ ಲೆಕ್ಕ, ಇವಕ್ಕೆ ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ 12 ಗಂಟೆ. ಒಟ್ಟು ಎಪ್ಪತ್ತನಾಲ್ಕೂವರೆ. ನಿಮ್ಮ ರಾತ್ರಿಗಳು ಹೋದದ್ದೆಲ್ಲಿಗೆ ಎಂಬುದು ಇಲ್ಲಿ ಕಾಣುತ್ತದೆ. ನೀವು ನಿಧಾನವೂ ಅಲ್ಲ, ಅಶಿಸ್ತಿನವರೂ ಅಲ್ಲ; 25 ಎಂಬ ಅಂಕಿಯೇ ತಪ್ಪು.

ಹಾಗಾದರೆ ಎಷ್ಟು ಗಂಟೆ ಸರಿ? 1948ರ ಕಾರ್ಖಾನೆ ಕಾಯ್ದೆ ನಮ್ಮ ದೇಶದ ಕಾರ್ಮಿಕನಿಗೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ, ವಾರದಲ್ಲೊಂದು ರಜೆ, ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸದೆ ಅರ್ಧ ಗಂಟೆಯ ವಿರಾಮ ಎಂಬ ಮಿತಿಗಳನ್ನು ಹಾಕಿಕೊಟ್ಟಿತು. ಸ್ವಂತ ಅಂಗಡಿಯಲ್ಲಿ ತಾನೇ ದುಡಿಯುವ ಯಜಮಾನಿಯನ್ನು ಯಾವ ಕಾಯ್ದೆಯೂ ಎಬ್ಬಿಸಿ ಮನೆಗೆ ಕಳಿಸುವುದಿಲ್ಲ. ನಿಮ್ಮೊಳಗೆ ಇಬ್ಬರಿದ್ದಾರೆ, ಒಬ್ಬರು ಯಜಮಾನಿ, ಇನ್ನೊಬ್ಬರು ಕೆಲಸದಾಕೆ. ಅಂಗಡಿಯ ಇಬ್ಬರು ಹೆಣ್ಣುಮಕ್ಕಳನ್ನು ರಾತ್ರಿ ಹನ್ನೊಂದರವರೆಗೆ ಕೂರಿಸಿಕೊಂಡರೆ ಅವರ ಮನೆಯವರು ಜಗಳಕ್ಕೆ ಬಂದಾರು ಎಂದು ಆರಕ್ಕೋ ಏಳಕ್ಕೋ ಕಳಿಸುತ್ತೀರಿ. ಮೂರನೆಯ ಕೆಲಸದಾಕೆಯ ಪರವಾಗಿ ಬರುವವರು ಯಾರೂ ಇಲ್ಲ.

ಗಂಟೆ ಕಡಿಮೆಯಾದರೆ ಆದಾಯ ಅಷ್ಟೇ ಪ್ರಮಾಣದಲ್ಲಿ ಕುಸಿಯುತ್ತದೆ ಎಂಬ ನಿಮ್ಮ ಭಯಕ್ಕೂ ಹಳೆಯ ಉತ್ತರವೊಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಬ್ರಿಟಿಷ್‌ ಸರ್ಕಾರ ಮದ್ದುಗುಂಡು ಕಾರ್ಖಾನೆಗಳ ಕೆಲಸಗಾರರ ಆರೋಗ್ಯವನ್ನು ಪರಿಶೀಲಿಸಲು ಸಮಿತಿಯೊಂದನ್ನು ನೇಮಿಸಿತು. ಆ ಕೆಲಸಗಾರರಲ್ಲಿ ಬಹಳ ಮಂದಿ ಹೆಂಗಸರು, ಇಡೀ ದಿನ ಯಂತ್ರದ ಮುಂದೆ ಕಣ್ಣು-ಕೈ ಒಂದಾಗಿಸಿ ದುಡಿದವರು. ಅಲ್ಲಿ ದಾಖಲಾದ ಅಂಕಿಅಂಶಗಳನ್ನು ಅರ್ಥಶಾಸ್ತ್ರಜ್ಞ ಜಾನ್‌ ಪೆಂಕಾವೆಲ್‌ 2014ರಲ್ಲಿ ಮತ್ತೆ ಲೆಕ್ಕ ಹಾಕಿದರು. ವಾರಕ್ಕೆ ಸುಮಾರು 49 ಗಂಟೆಯವರೆಗೆ ದುಡಿದಷ್ಟೂ ಉತ್ಪಾದನೆ ಹೆಚ್ಚುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಗಂಟೆಯ ಫಲ ಇಳಿಯುತ್ತಾ ಹೋಗಿ, 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆ ದುಡಿದವರದಕ್ಕಿಂತ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಭಾನುವಾರದ ರಜೆ ಇಲ್ಲದ ವಾರಗಳಲ್ಲಿ ಫಲ ಇನ್ನಷ್ಟು ಕಡಿಮೆ. ಹದಿನಾಲ್ಕು ಗಂಟೆಯ ದುಡಿಮೆ ನೀರಿನಲ್ಲಿ ಹೋಮವಾದಂತಾಯಿತು. ದೇಹ ತೆರುವ ಬೆಲೆ ಬೇರೆಯೇ ಇದೆ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು. ಇದು ಇಂದು-ನಾಳೆಯ ಬೆದರಿಕೆಯಲ್ಲ, ವರ್ಷಗಟ್ಟಲೆ ಹೀಗೇ ನಡೆದರೆ ಬರುವ ಮಾತು, ನಿಮಗಿನ್ನೂ 38.

ಆದ್ದರಿಂದ 48 ಗಂಟೆಯನ್ನೇ ಹಿಡಿಯೋಣ. ಅದರಲ್ಲಿ 12 ಗಂಟೆ ಹೊಲಿಗೆಯಲ್ಲದ ಕೆಲಸಕ್ಕೆ ಹೋದರೆ ಉಳಿಯುವುದು 36. ಎಲ್ಲವನ್ನೂ ನೀವೇ ಮಾಡಿದರೆ ವಾರಕ್ಕೆ 14 ರವಿಕೆ ಮಾತ್ರ, ಇದರಿಂದ ಕಂತು ಕಟ್ಟಲಾಗದು. ಆದರೆ ಹುಕ್ಕು, ಹೆಮ್ಮಿಂಗ್‌, ಇಸ್ತ್ರಿಯ ಮುಕ್ಕಾಲು ಗಂಟೆಯನ್ನು ಬೇರೆಯವರಿಗೆ ಕೊಟ್ಟರೆ ಒಂದು ರವಿಕೆಗೆ ನಿಮ್ಮ ಕೈಯ ಹೊತ್ತು ಒಂದೂಮುಕ್ಕಾಲು ಗಂಟೆಗೆ ಇಳಿದು, ಅದೇ 36 ಗಂಟೆಯಲ್ಲಿ 20 ರವಿಕೆಯಾಗುತ್ತವೆ. ಸೆರಗಿಗೆ ಕುಚ್ಚು ಹಾಕಿಕೊಡುವವರಂತೆಯೇ ಮನೆಯಲ್ಲೇ ಕುಳಿತು ಹುಕ್ಕು-ಹೆಮ್ಮಿಂಗ್‌ ಮಾಡಿಕೊಡುವವರು ನಿಮ್ಮ ಬೀದಿಯಲ್ಲೇ ಸಿಗಬಹುದು. ಅವರ ಹೆಮ್ಮಿಂಗ್‌ ನಿಮ್ಮದರಷ್ಟು ನಯವಾಗಿರುವುದಿಲ್ಲ ಎಂದು ನಿಮ್ಮ ಮನಸ್ಸು ಹೇಳುತ್ತದೆ. ಇರಲಿಕ್ಕಿಲ್ಲ, ಮೊದಲ ತಿಂಗಳು. ಎಲ್ಲವೂ ತನ್ನ ಕೈಯಿಂದಲೇ ಆಗಬೇಕೆಂಬ ಹಟ ಒಳ್ಳೆಯ ಕುಶಲಕರ್ಮಿಯ ಲಕ್ಷಣ, ಅಂಗಡಿ ನಡೆಸುವವರಿಗೆ ಮಾತ್ರ ಅದು ದುಬಾರಿ.

ಈಗ ಹಣ. 25 ರವಿಕೆಗೆ 450ರಂತೆ 11,250 ರೂಪಾಯಿ ಬರುತ್ತಿತ್ತು. 20 ರವಿಕೆಗೆ 550ರಂತೆ 11,000. ಹುಕ್ಕು-ಹೆಮ್ಮಿಂಗಿಗೆ ಒಂದಕ್ಕೆ 40ರಂತೆ 800 ಹೋಯಿತು. ತುರ್ತಾಗಿ ಬೇಕೆನ್ನುವವರಿಂದ 200 ಹೆಚ್ಚುವರಿ ಪಡೆದು ವಾರಕ್ಕೆ ಎರಡನ್ನು ಮಾತ್ರ ಒಪ್ಪಿಕೊಂಡರೆ 400 ಬಂತು. ಉಳಿದದ್ದು 10,600. ಮೊದಲಿಗಿಂತ 650 ಕಡಿಮೆ, ಸುಳ್ಳು ಹೇಳಲಾರೆ. ಅದಕ್ಕೆ ಪ್ರತಿಯಾಗಿ ವಾರಕ್ಕೆ 26 ಗಂಟೆ ನಿಮಗೆ ವಾಪಸು ಸಿಗುತ್ತದೆ, ಮತ್ತು ರಾತ್ರಿಯ ಕತ್ತರಿಯಿಂದ ಹೋದ ಒಂದು ತುಂಡಿನ ದಂಡ ಹೆಚ್ಚುಕಡಿಮೆ ಮೂರು ವಾರದ ಈ ಕೊರತೆಗೆ ಸಮ. ದರವನ್ನು ಒಮ್ಮೆಗೇ ನೂರು ಏರಿಸಲು ಅಂಜಿಕೆಯಾದರೆ ಹೊಸ ಗಿರಾಕಿಗಳಿಗೆ ಈಗಲೇ 550 ಹೇಳಿ, ಹಳಬರಿಗೆ ಮುಂದಿನ ಹಬ್ಬದಿಂದ ಎಂದು ಮೊದಲೇ ತಿಳಿಸಿ. ಬಾಗಿಲ ಬಳಿ ದರಪಟ್ಟಿ ಹಾಕಿ. ಬಾಯಲ್ಲಿ ಹೇಳಿದ ದರಕ್ಕೆ ಚೌಕಾಸಿ ನಡೆಯುತ್ತದೆ, ಬರೆದು ಹಾಕಿದ್ದಕ್ಕೆ ಅಷ್ಟಾಗಿ ನಡೆಯುವುದಿಲ್ಲ.

ಒಪ್ಪಿಕೊಳ್ಳುವ ಹೊತ್ತಿಗೆ ನೆರವಾಗುವ ಒಂದು ಸರಳ ಉಪಾಯವಿದೆ. ದಪ್ಪ ನೋಟುಪುಸ್ತಕದಲ್ಲಿ ಒಂದು ವಾರಕ್ಕೆ ಒಂದು ಪುಟ ಮಾಡಿ, ಪ್ರತಿ ಪುಟದಲ್ಲಿ 20 ಗೆರೆ ಹಾಕಿ, ಅದರಲ್ಲಿ ಕೊನೆಯ ಎರಡನ್ನು ಆಲ್ಟರೇಷನ್ನಿಗೋ ಮಗುವಿನ ಜ್ವರಕ್ಕೋ ಎಂದು ಖಾಲಿ ಬಿಡಿ. ಬರದೇ ಹೋದರೆ ಅವನ್ನು ಆ ವಾರದ ತುರ್ತು ಕೆಲಸಕ್ಕೆ ಕೊಡಬಹುದು. ಗಿರಾಕಿ ಬಂದಾಗ ಪುಸ್ತಕವನ್ನು ಅವರ ಕಡೆಗೆ ತಿರುಗಿಸಿ, “ಈ ವಾರ ತುಂಬಿದೆ, 14ನೇ ತಾರೀಖಿಗೆ ಬರೆದುಕೊಳ್ಳಲೇ?” ಎಂದು ಕೇಳಿ. ನೀವು ಇಲ್ಲವೆನ್ನುತ್ತಿಲ್ಲ, ಪುಸ್ತಕ ಇಲ್ಲವೆನ್ನುತ್ತಿದೆ. “ಆಗುವುದಿಲ್ಲ” ಎಂಬ ಮಾತಿಗೆ ಮುನಿಸಿಕೊಳ್ಳುವವರು ತಾರೀಖಿಗೆ ಸಾಮಾನ್ಯವಾಗಿ ಮುನಿಸಿಕೊಳ್ಳುವುದಿಲ್ಲ. ನಮ್ಮ ಕಡೆ ಗಿರಾಕಿಗಳಿಗೆ ನಿಜವಾಗಿ ಕೋಪ ಬರುವುದು ತಡವಾಗಿ ಕೊಡುವವರ ಮೇಲಲ್ಲ, ನಾಳೆ ಬನ್ನಿ ನಾಡಿದ್ದು ಬನ್ನಿ ಎಂದು ಅಲೆದಾಡಿಸುವವರ ಮೇಲೆ. ಅರ್ಧ ಹಣ ಮುಂಗಡ ಪಡೆದು ತಾರೀಖು ಬರೆದುಕೊಡಿ, ಆ ತಾರೀಖಿಗೆ ತಪ್ಪಬೇಡಿ. ಎದುರಿನ ಅಂಗಡಿಗೆ ಒಂದಿಬ್ಬರು ಹೋಗಲಿ. ಅಳತೆ ಸರಿಯಾಗಿ ಕೂರುವ ರವಿಕೆ ಹೊಲಿಯುವವರನ್ನು ಹೆಂಗಸರು ಅಷ್ಟು ಸುಲಭವಾಗಿ ಬಿಡುವುದಿಲ್ಲ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ವಾರದ ರಜೆಯ ವಿಚಾರದಲ್ಲಿ ಕ್ಷೌರದಂಗಡಿಯವರನ್ನು ನೋಡಿ. ನಮ್ಮ ಊರುಗಳಲ್ಲಿ ಮಂಗಳವಾರ ಅವರು ಬಾಗಿಲು ತೆಗೆಯುವುದಿಲ್ಲ. ಅವರೂ ಸ್ವಂತ ದುಡಿಮೆಯವರೇ, ಅವರಿಗೂ ಬಾಡಿಗೆ, ಕಂತು, ಎದುರಿನ ಅಂಗಡಿ ಎಲ್ಲ ಇವೆ. ಆದರೆ ಮಂಗಳವಾರ ಕ್ಷೌರದಂಗಡಿ ಮುಚ್ಚಿದೆಯೆಂದು ಯಾರಾದರೂ ಸಿಟ್ಟಾದದ್ದನ್ನು ನಾನು ಕಂಡಿಲ್ಲ; ಸೋಮವಾರವೇ ಹೋಗುತ್ತಾರೆ ಅಥವಾ ಬುಧವಾರದವರೆಗೆ ಕಾಯುತ್ತಾರೆ. ರಜೆ ಒಂದೇ ದಿನಕ್ಕೆ ಬಿದ್ದರೆ ಊರು ಅದಕ್ಕೆ ಹೊಂದಿಕೊಳ್ಳುತ್ತದೆ, ನಿಮಗೆ ಸಾಕಾದಾಗ ಮುಚ್ಚಿದರೆ ಮಾತ್ರ ಜನ ಗೊಣಗುತ್ತಾರೆ. ನಾನೂ ಬಹಳ ವರ್ಷ ಸ್ವಂತ ಕ್ಲಿನಿಕ್‌ ನಡೆಸಿದವನು. ಭಾನುವಾರ ಸಂಜೆ ಬಾಗಿಲು ತೆರೆಯದಿದ್ದರೆ ರೋಗಿಗಳು ಬೇರೆಡೆ ಹೋಗುತ್ತಾರೆಂದು ಹೆದರಿ, ಮಗಳ ಶಾಲೆಯ ನಾಟಕವನ್ನೂ ತಪ್ಪಿಸಿಕೊಂಡು ಕೂತಿದ್ದೆ. ಕೊನೆಗೊಮ್ಮೆ ಮುಚ್ಚಿದಾಗ ಆದದ್ದಿಷ್ಟೇ: ಭಾನುವಾರ ಸಂಜೆಯ ನೆಗಡಿಗಳೆಲ್ಲ ಸೋಮವಾರ ಬೆಳಿಗ್ಗೆ ಬಂದವು. ಫೋನಿಗೂ ಇದೇ ನಿಯಮ. ವಾಟ್ಸ್‌ಆ್ಯಪ್‌ ಬಿಸಿನೆಸ್‌ ಹಾಕಿಕೊಂಡರೆ ಅಂಗಡಿಯ ಹೊತ್ತನ್ನು ಅದರಲ್ಲಿ ನಮೂದಿಸಿ, ರಾತ್ರಿ ಎಂಟರ ನಂತರ ಬಂದ ಸಂದೇಶಕ್ಕೆ “ನಾಳೆ ಹತ್ತಕ್ಕೆ ಉತ್ತರಿಸುತ್ತೇನೆ” ಎಂಬ ಉತ್ತರ ತಾನಾಗಿಯೇ ಹೋಗುವಂತೆ ಮಾಡಬಹುದು. ಎದೆ ಹೊಡೆದುಕೊಳ್ಳುವುದು ಎಷ್ಟೋ ಪಾಲು ಇದರಿಂದಲೇ ತಗ್ಗೀತು.

ಮನೆಗೆಲಸವನ್ನು ನೀವು ಪತ್ರದಲ್ಲಿ ಲೆಕ್ಕಕ್ಕೇ ಸೇರಿಸಿಲ್ಲ. ಐದೂವರೆಗೆ ಎದ್ದು ಅಂಗಡಿಗೆ ಹೋಗುವವರೆಗೆ ನೀವೇನು ಸುಮ್ಮನೆ ಕೂತಿರುವುದಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಕೂಲಿಯಿಲ್ಲದ ಮನೆಗೆಲಸ ಮಾಡುವವರಲ್ಲಿ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾಳೆ, ಪುರುಷ 97 ನಿಮಿಷ. ನಿಮ್ಮ 75 ಗಂಟೆಯ ಮೇಲೆ ಇದೂ ಬೀಳುತ್ತದೆ. ಮನೆಯವರೊಡನೆ ಮಾತನಾಡುವಾಗ “ನನಗೆ ಸುಸ್ತು” ಎಂದರೆ “ಒಂದೆರಡು ದಿನ ರೆಸ್ಟ್‌ ತಗೋ” ಎಂಬ ಉತ್ತರವೇ ಬರುತ್ತದೆ. ಅದರ ಬದಲು ನಿರ್ದಿಷ್ಟವಾಗಿ ಕೇಳಿ: ರಾತ್ರಿಯ ಅಡುಗೆ ವಾರಕ್ಕೆ ಮೂರು ದಿನ ಬೇರೆಯವರದು, ಮಕ್ಕಳ ಶಾಲೆಯ ಓಡಾಟ ನಿಮ್ಮ ಯಜಮಾನರದು, ಹೀಗೆ. ಮನೆಯಲ್ಲಿರುವ ಎರಡನೆಯ ಮಿಷನ್ನನ್ನು ಮಾರಿಬಿಡಿ ಅಥವಾ ಅಂಗಡಿಗೆ ಸಾಗಿಸಿ. ನಡುಮನೆಯಲ್ಲಿ ಮಿಷನ್‌ ಇರುವವರೆಗೆ ನಿಮ್ಮ ಅಂಗಡಿಗೆ ಬಾಗಿಲೇ ಇಲ್ಲ.

ಇನ್ನು ವರ್ಷದ ಏರಿಳಿತ. ನಿಮ್ಮ ಕೆಲಸದಲ್ಲಿ ಎಲ್ಲ ವಾರಗಳೂ ಒಂದೇ ಅಲ್ಲ. ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗೆ ಒಂದು ನೂಕುನುಗ್ಗಲು, ಸಂಕ್ರಾಂತಿ ಕಳೆದ ಮೇಲೆ ಮದುವೆಗಳ ಇನ್ನೊಂದು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಮದುವೆಗಳಿಲ್ಲ, ಅಂಗಡಿ ತಣ್ಣಗಿರುತ್ತದೆ. ಹಬ್ಬದ ಮೂರು-ನಾಲ್ಕು ವಾರ 54 ಗಂಟೆಯವರೆಗೆ ಹೋದರೆ ಪ್ರಳಯವೇನೂ ಆಗುವುದಿಲ್ಲ, ಆದರೆ ಆಷಾಢದಲ್ಲಿ ಅದನ್ನು ಮೈಗೆ ಹಿಂತಿರುಗಿಸಬೇಕು: ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕಿ, ಒಂದು ವಾರ ತವರಿಗೆ ಹೋಗಿ ಬನ್ನಿ. ಹಾಗೆ ಮಾಡಲಾಗದಂತೆ ನಿಮ್ಮನ್ನು ಕಟ್ಟಿಹಾಕಿರುವುದು ವಾರದ ಕಂತು. ಆದಾಯ ಹಬ್ಬಗಳ ಲಯದಲ್ಲಿ ಬರುತ್ತದೆ, ಕಂತು ಮಾತ್ರ ವಾರದ ಲಯದಲ್ಲಿ ಹೋಗುತ್ತದೆ. ಈ ಎರಡರ ನಡುವಿನ ಭಯವೇ ನಿಮ್ಮಿಂದ ಬಂದದ್ದನ್ನೆಲ್ಲ ಒಪ್ಪಿಸುತ್ತಿದೆ. ಹಬ್ಬದ ವಾರಗಳಲ್ಲಿ ಬಂದದ್ದರಲ್ಲಿ ನಾಲ್ಕೈದು ಕಂತಿನಷ್ಟನ್ನು ಬೇರೆ ಖಾತೆಯಲ್ಲಿಟ್ಟು ಆಷಾಢಕ್ಕೆ ಮೀಸಲಿಡಿ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಸೇರಿದ್ದಾರೆ. ಮೊದಲ ಹಂತದಲ್ಲಿ ಒಂದು ಲಕ್ಷ ರೂಪಾಯಿಯವರೆಗೆ, ಶೇಕಡ 5ರ ಬಡ್ಡಿಯಲ್ಲಿ, 18 ತಿಂಗಳಲ್ಲಿ ತೀರಿಸುವಂಥ ಸಾಲಕ್ಕೆ ಅದರಲ್ಲಿ ಅವಕಾಶವಿದೆ. ಓವರ್‌ಲಾಕ್‌ ಮಿಷನ್ನಿನಂಥ ಮುಂದಿನ ಖರ್ಚಿಗಾದರೂ ಸಂಘದ ಸಾಲಕ್ಕೆ ಮತ್ತೆ ಕೈಚಾಚುವ ಮೊದಲು ನಿಮಗೆ ಅದು ಒದಗುತ್ತದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ.

ಮಾವನವರ ಮಾತು ಉಳಿಯಿತು. ಕಾಯಕವೇ ಕೈಲಾಸ ಎಂಬ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆತನ ಹೆಂಡತಿ ಲಕ್ಕಮ್ಮನ ಕಥೆಯನ್ನೂ ಅವರು ಕೇಳಿಯೇ ಇರುತ್ತಾರೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟೇಕೆ, ಇದು ನಮಗೆ ಬೇಡ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳುಹಿಸಿದಳು. ಕಾಯಕಕ್ಕೆ ಅಳತೆಯಿಟ್ಟವಳು ಅದೇ ಮನೆಯ ಹೆಂಗಸು. ಮಾವನವರು ಬೇಸಾಯ ಮಾಡಿದವರಾದರೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಪದ್ಧತಿಯನ್ನೂ ಕಂಡಿರುತ್ತಾರೆ. ಜಗಳವಾಡುವುದು ಬೇಡ, ಸಮಯ ನೋಡಿ ಈ ಎರಡನ್ನೂ ನೆನಪಿಸಿ.

ಇಷ್ಟನ್ನೆಲ್ಲ ಸೋಮವಾರದಿಂದಲೇ ಆರಂಭಿಸಲು ಹೋಗಬೇಡಿ, ಏಕೆಂದರೆ ಈಗಾಗಲೇ ಒಪ್ಪಿಕೊಂಡಿರುವ ರಾಶಿ ನಿಮ್ಮ ಮುಂದಿದೆ. ಇಂದು ಬಿಲ್‌ ಪುಸ್ತಕ ತೆರೆದು, ಮುಂದಿನ ಎರಡು ವಾರದಲ್ಲಿ ಕೊಡಬೇಕಾದ ರವಿಕೆಗಳಲ್ಲಿ ಮದುವೆಗೋ ಗೃಹಪ್ರವೇಶಕ್ಕೋ ಬೇಕೆಂದು ಹೇಳಿದವುಗಳ ಮುಂದೆ ಗುರುತು ಹಾಕಿ. ಅವು ಹೇಳಿದ ದಿನಕ್ಕೇ ಹೋಗಲಿ. ಉಳಿದವರಿಗೆ ಬೆಳಿಗ್ಗೆ ಒಬ್ಬೊಬ್ಬರಾಗಿ ನೀವೇ ಫೋನ್‌ ಮಾಡಿ, ಅವರು ಕೇಳುವ ಮುಂಚೆಯೇ, ಒಂದು ವಾರ ತಡವಾಗುತ್ತದೆಂದು ಹೇಳಿ ಹೊಸ ತಾರೀಖು ಕೊಡಿ. ಹೊಸ ಪುಸ್ತಕದ ಮೊದಲ ಪುಟವನ್ನು ಆ ತಾರೀಖುಗಳಿಂದ ತುಂಬಿ, 18ನೆಯ ಗೆರೆಯಲ್ಲಿ ನಿಲ್ಲಿಸಿ.